ಬಲಗೈ ಮೇಲೆ, ಎಡಗೈ ಕೆಳಗೆ

ನನ್ನ ಮಗಳ ಹೊಟ್ಟೆನೋವು ಅಂದರೆ ರಾಜೀನಾಮೆ ಪತ್ರ. ಈಜು ಕಲಿಯಲು ಹಾಕಿದೆವು, ಮೂರನೇ ವಾರಕ್ಕೆ ಹೊಟ್ಟೆ ನೋಯಿತು. ವಯೊಲಿನ್‌ಗೆ ಹಾಕಿದೆವು, ಬಾಡಿಗೆಗೆ ತಂದ ವಾದ್ಯದ ಪೆಟ್ಟಿಗೆ ಕಂಡರೆ ಸಾಕು, ಸೋಫಾದ ಮೇಲೆ ಮುದುಡಿ ಮಲಗುತ್ತಿದ್ದಳು. ಭರತನಾಟ್ಯ ಎರಡೇ ಕ್ಲಾಸು. ಚೆಸ್ ಬಿಟ್ಟಾಗ ಮಾತ್ರ ನಾನು ರೇಗಿದ್ದೆ. ಕೂತಲ್ಲೇ ಆಡುವ ಆಟಕ್ಕೆ ಹೊಟ್ಟೆ ಯಾಕೆ ನೋಯಬೇಕು? ಅತ್ತು ಕರೆದು ರಂಪ ಮಾಡುವ ಹುಡುಗಿಯೂ ಅಲ್ಲ ಅವಳು. ಒಲ್ಲೆ ಅನ್ನುವ ಮಾತು ಅವಳ ಬಾಯಿಂದ ಬಂದದ್ದೇ ಇಲ್ಲ. ಹೊಟ್ಟೆ ನೋಯುತ್ತಿತ್ತು, ನಾವು ಬಿಡಿಸುತ್ತಿದ್ದೆವು, ಮರುದಿನ ನೋವು ಇರುತ್ತಿರಲಿಲ್ಲ.

ತಪ್ಪು ಅವಳದ್ದು ಅಂತ ಹೇಳಲಾರೆ. ಕಿಂಡರ್‌ಗಾರ್ಟನ್ನಿನ ಕೊನೆಯ ಭಾಗ, ಒಂದನೇ ಕ್ಲಾಸಿನ ಹೆಚ್ಚುಕಡಿಮೆ ಇಡೀ ವರ್ಷ, ಅವಳು ಅಡುಗೆಮನೆಯ ಟೇಬಲ್ಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕಳೆದವಳು. ಓರಗೆಯ ಮಕ್ಕಳು ಅಂದರೆ ಅವಳ ಪಾಲಿಗೆ ಪರದೆಯ ಮೇಲಿನ ಚೌಕಗಳು. ಶಾಲೆ ಮತ್ತೆ ತೆರೆದು, ಮಾಸ್ಕುಗಳೆಲ್ಲ ಕಾರಿನ ಗ್ಲೋವ್ ಬಾಕ್ಸ್ ಸೇರಿದ ಮೇಲೂ ಹತ್ತು ಮಕ್ಕಳಿರುವ ಕಡೆ ಹೋದರೆ ನನ್ನ ಬೆನ್ನ ಹಿಂದೆ ನಿಲ್ಲುತ್ತಿದ್ದಳು. ಆಗ ಅವಳಿಗೆ ಒಂಬತ್ತು ವರ್ಷ.

ನಾನು ಕೆಲಸ ಮಾಡುವುದು ಚಾಟ್ಸ್‌ವರ್ತ್‌ನ ಒಂದು ಸಣ್ಣ ಕಾರ್ಖಾನೆಯಲ್ಲಿ, ಕ್ವಾಲಿಟಿ ಎಂಜಿನಿಯರ್ ಆಗಿ. ಅಂದರೆ ಬೇರೆಯವರು ಮಾಡಿದ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು. ನಮ್ಮ ಟೂಲ್‌ರೂಮಿನ ಹಿರಿಯ ಮೆಷಿನಿಸ್ಟ್ ಐರ್ಲೆಂಡಿನವರು. ಈ ದೇಶಕ್ಕೆ ಬಂದು ಮೂವತ್ತು ವರ್ಷವಾದರೂ ಮಾತಿನ ಧಾಟಿ ಬಿಟ್ಟುಕೊಟ್ಟಿರಲಿಲ್ಲ. ಅವರೇ ಒಂದು ದಿನ ಕಾಫಿ ಮಷೀನಿನ ಹತ್ತಿರ, ತಮ್ಮ ಊರಿನ ಆಟಗಳ ಕ್ಲಬ್ಬೊಂದು ಇಲ್ಲೇ ಲಾಸ್ ಏಂಜಲೀಸ್‌ನಲ್ಲಿದೆ, ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಒಂದು ವಾರದ ಕ್ಯಾಂಪ್ ಮಾಡುತ್ತೇವೆ, ಮಗಳನ್ನು ಕರೆದುಕೊಂಡು ಬಾ ಅಂದರು. ಐರಿಷ್ ಮಕ್ಕಳೇ ಆಗಬೇಕೆಂದಿಲ್ಲ, ಓಡಲು ಎರಡು ಕಾಲಿದ್ದರೆ ಸಾಕು ಅಂದರು.

ಮನೆಗೆ ಬಂದು ಹೇಳಿದಾಗ ಹೆಂಡತಿ ಚಪಾತಿ ಲಟ್ಟಿಸುತ್ತಿದ್ದಳು. ಲಟ್ಟಣಿಗೆ ನಿಲ್ಲಿಸಿ ನನ್ನ ಕಡೆ ತಿರುಗಿದಳು.

"ಇದ ಕಡೀದು ನೋಡ್ರಿ. ಇದನ್ನೂ ಬಿಟ್ಟಳು ಅಂದ್ರ ಆಕೀಗೆ ಮುಂದ ಏನೂ ಹಚ್ಚೋದು ಬ್ಯಾಡ. 'ನನಗ ಯಾವುದೂ ಬರಂಗಿಲ್ಲ' ಅಂತ ಆ ಕೂಸಿನ ಮನಸ್ನ್ಯಾಗ ಕುಂತುಬಿಡ್ತೈತಿ."

ಅವಳಿಗೆ ಫಾರ್ಮಸಿಯಲ್ಲಿ ರಜೆ ಸಿಗುವ ಹಾಗಿರಲಿಲ್ಲ. ಹಾಗಾಗಿ ನಾನೇ ಆ ವಾರ ರಜೆ ಹಾಕಿದೆ. ಪೋರ್ಟರ್ ರ್ಯಾಂಚ್‌ನ ನಮ್ಮ ಮನೆಯಿಂದ ಕ್ಯಾಂಪ್ ನಡೆಯುವ ಪಾರ್ಕಿಗೆ ಟ್ರಾಫಿಕ್ ಇಲ್ಲದಿದ್ದರೆ ಮುಕ್ಕಾಲು ಗಂಟೆ. ಟ್ರಾಫಿಕ್ ಇಲ್ಲದ ದಿನವನ್ನು ನಾನಿನ್ನೂ ಕಂಡಿಲ್ಲ.

ಸೋಮವಾರ ಕಾಲ್ಚೆಂಡಾಟ. ಅವರ ಕಾಲ್ಚೆಂಡಾಟದಲ್ಲಿ ಕೈಯಲ್ಲಿ ಚೆಂಡು ಹಿಡಿಯಲೂಬಹುದು. ಯಾರೇನು ಮಾಡಿದರೂ ಹೆಚ್ಚುಕಡಿಮೆ ಸರಿಯೇ ಅನ್ನಿಸುವಂಥ ಆಟ. ಮಗಳು ಎಲ್ಲರ ಹಿಂದೆ ಓಡಿದಳು, ಆದರೂ ಓಡಿದಳು. ಕೋಚ್ ಒಬ್ಬ ಶಾಲಾ ಟೀಚರ್, ಬೇಸಿಗೆಯಲ್ಲಿ ಇದಕ್ಕೆಂದೇ ಐರ್ಲೆಂಡಿನಿಂದ ಬಂದಾಕೆ. ಕ್ಯಾಲಿಫೋರ್ನಿಯಾದ ಬಿಸಿಲಿಗೆ ಹೆದರಿ ಮೂಗಿನ ಮೇಲೆ ಸುಣ್ಣ ಬಳಿದ ಹಾಗೆ ಸನ್‌ಸ್ಕ್ರೀನ್ ಬಳಿದುಕೊಂಡಿದ್ದಳು. ಮಕ್ಕಳ ಹೆಸರು ಮೊದಲ ದಿನವೇ ಬಾಯಿಪಾಠ ಮಾಡಿದ್ದಳು. ನನ್ನ ಮಗಳ ಹೆಸರನ್ನು ಕೂಡ ತಡವರಿಸದೆ ಸರಿಯಾಗಿ ಕರೆದಳು, ಅದು ಇಲ್ಲಿ ಎಲ್ಲ ಟೀಚರುಗಳಿಂದಲೂ ಆಗುವ ಕೆಲಸವಲ್ಲ.

ಮಂಗಳವಾರ ಕೋಲು ಬಂತು. ಹರ್ಲಿ ಅಂತ ಅದಕ್ಕೆ ಹೆಸರು. ಗಟ್ಟಿ ಮರದ್ದು, ಮಗುವಿನ ಸೊಂಟದೆತ್ತರ, ತುದಿಯಲ್ಲಿ ಅನ್ನ ಬಡಿಸುವ ಹುಟ್ಟಿನ ಹಾಗೆ ಚಪ್ಪಟೆ. ತಲೆಗೆ ಮುಖ ಮುಚ್ಚುವ ಸರಳುಗಳಿರುವ ಹೆಲ್ಮೆಟ್. ಚರ್ಮದ ಸಣ್ಣ ಚೆಂಡು. ನೋಡಿದ ಕೂಡಲೇ ನನ್ನ ಮೈ ಜುಮ್ಮೆಂದಿತು. ಬ್ಯಾಟು, ಬಾಲು! ಹುಬ್ಬಳ್ಳಿಯಲ್ಲಿ ನಾನು ಕಾಲೇಜು ಟೀಮಿಗೆ ಓಪನಿಂಗ್ ಬ್ಯಾಟಿಂಗ್ ಆಡಿದವನು. ಎಷ್ಟು ಚೆನ್ನಾಗಿ ಆಡಿದೆ ಅಂತ ಕೇಳಬೇಡಿ, ಆಡಿದ್ದು ನಿಜ.

ಮರದ ಕೆಳಗಿನ ಬೆಂಚಿನ ಮೇಲೆ ಕೂತು ನೋಡಿದೆ. ಮಗಳು ಕೋಲನ್ನು ಉಲ್ಟಾ ಹಿಡಿದಿದ್ದಳು. ಬಲಗೈ ಹಿಡಿಕೆಯ ಮೇಲ್ತುದಿಯಲ್ಲಿ, ಎಡಗೈ ಅದರ ಕೆಳಗೆ. ಬಲಗೈಯಿಂದ ಆಡುವವರು ಬ್ಯಾಟನ್ನು ಹೀಗೆ ಹಿಡಿಯುವುದೇ ಇಲ್ಲ, ಎಡಗೈ ಮೇಲಿರಬೇಕು, ಬಲಗೈ ಕೆಳಗೆ. ನಮ್ಮ ಓಣಿಯಲ್ಲಿ ನಾಲ್ಕು ವರ್ಷದ ಹುಡುಗರಿಗೂ ಗೊತ್ತಿದ್ದ ಸಂಗತಿ. ಮತ್ತೆ ಕಣ್ಣು ಹಾಯಿಸಿದೆ. ಎಲ್ಲ ಮಕ್ಕಳೂ ಹಾಗೇ ಹಿಡಿದಿದ್ದರು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ನಿಂತು ಯೋಚಿಸುತ್ತಿದ್ದರು. ನಾನು ಇಡೀ ಬ್ಯಾಚೇ ತಪ್ಪು ಅಂತ ತೀರ್ಮಾನಿಸಿದೆ.

ಸಂಜೆ ಹಿತ್ತಲಲ್ಲಿ, ಕ್ಯಾಂಪಿನಿಂದ ಮನೆಗೆ ತಂದಿದ್ದ ಅದೇ ಕೋಲು ಹಿಡಿಸಿ ಪಾಠ ಶುರು ಮಾಡಿದೆ. ಗುಡ್ಡದ ಮೇಲಿನ ಮನೆ ನಮ್ಮದು. ಬೇಲಿ ದಾಟಿದ ಚೆಂಡು ದೇವರ ಪಾಲು. ಹಾಗಾಗಿ ಹಳೆಯ ಕಾಲುಚೀಲವೊಂದನ್ನು ಉಂಡೆ ಕಟ್ಟಿ ಚೆಂಡು ಮಾಡಿದೆ.

"ಎಡಗೈ ಮ್ಯಾಲೆ, ಬಲಗೈ ಕೆಳಗ. ಮೊಣಕೈ ಎತ್ತು ಅವ್ವೀ. ತಲಿ ಅಲುಗಾಡಬಾರ್ದು."

"ಬಟ್ ಕೋಚ್ ಸೆಡ್..." ಅಂತ ಅವಳು ಶುರು ಮಾಡಿದಳು. ನಮ್ಮ ಮಗಳಿಗೆ ಕನ್ನಡ ಎಲ್ಲವೂ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

"ಅಷ್ಟು ಹುಡುಗ್ರ ನಡುವ ಆ ಕೋಚಿಗೆ ಒಬ್ಬೊಬ್ಬರದು ನೋಡ್ಲಿಕ್ಕೆ ಎಲ್ಲಿ ಆಗ್ಬೇಕು? ನಾ ಹೇಳಿದಂಗ ಹಿಡಿ."

ಅವಳು ನನ್ನ ಮುಖವನ್ನು ಒಂದು ಕ್ಷಣ ನೋಡಿದಳು. ಆಮೇಲೆ ಹಾಗೇ ಹಿಡಿದಳು. ನಾನು ಉಂಡೆ ಎಸೆದೆ, ಅವಳು ಹೊಡೆದಳು. ಎಷ್ಟು ವರ್ಷವಾಗಿತ್ತು ನಾನು ಹಾಗೆ ಬಗ್ಗಿ, ಎದ್ದು, ಕೂಗಿ! ಒಂದು ಸಲ ಉಂಡೆ ನಿಂಬೆ ಗಿಡದೊಳಗೆ ಸಿಕ್ಕಿಕೊಂಡಾಗ ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಹೆಂಡತಿ ಕೆಲಸದಿಂದ ಬಂದವಳು ಬ್ಯಾಗು ಹೆಗಲಲ್ಲಿಟ್ಟುಕೊಂಡೇ ಬಾಗಿಲಲ್ಲಿ ನಿಂತು ನೋಡಿದಳು. ಆ ಸಂಜೆ ನನಗೆ ಬಹಳ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಬುಧವಾರ ಮಗಳಿಗೆ ಒಂದು ಚೆಂಡೂ ಸಿಗಲಿಲ್ಲ. ಉಳಿದ ಮಕ್ಕಳು ನೆಲದ ಚೆಂಡನ್ನು ಕೋಲಿನ ತುದಿಯಿಂದ ಕೆರೆದು ಎತ್ತಿ, ಕೈಗೆ ತೆಗೆದುಕೊಂಡು, ಹಾರಿಸಿ ಹೊಡೆಯುತ್ತಿದ್ದರು. ಇವಳ ಕೋಲು ಕಾಲಿಗೆ ಸಿಕ್ಕಿಕೊಳ್ಳುತ್ತಿತ್ತು, ಚೆಂಡು ಜಾರುತ್ತಿತ್ತು. ಕೋಚ್ ಬಂದು ಅವಳ ಕೈ ಬದಲಾಯಿಸುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಸ್ವಲ್ಪ ಸುಧಾರಿಸಿದಳು. ನನ್ನ ಪಾಠ ಸಾಲಲಿಲ್ಲ ಅಂದುಕೊಂಡು ಅಂದು ಸಂಜೆ ಎರಡರಷ್ಟು ಪಾಠ ಮಾಡಿದೆ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಗುರುವಾರ ಕಾರು ಪಾರ್ಕಿಂಗ್ ಲಾಟ್ ಸೇರುವಾಗ ಹಿಂದಿನ ಸೀಟಿನಿಂದ ಸಣ್ಣ ದನಿ ಬಂತು. "ಅಪ್ಪಾ, ಮೈ ಟಮ್ಮಿ ಹರ್ಟ್ಸ್."

 ಲಟ್ಟಣಿಗೆ ಹಿಡಿದ ಹೆಂಡತಿ ಹೇಳಿದ ಮಾತು ಕಿವಿಯಲ್ಲಿ ಮತ್ತೆ ಕೇಳಿದ ಹಾಗಾಯಿತು. ಬೈಯಲು ಬಾಯಿ ತೆರೆದೆ, ಕನ್ನಡಿಯಲ್ಲಿ ಅವಳ ಮುಖ ಕಂಡು ಮುಚ್ಚಿದೆ. ಸ್ವಲ್ಪ ಹೊತ್ತು ಬೆಂಚಿನ ಮೇಲೆ ಕೂರು, ಆಮೇಲೆ ನೋಡೋಣ ಅಂದೆ. ಹೆಲ್ಮೆಟ್ ತೊಡೆಯ ಮೇಲಿಟ್ಟುಕೊಂಡು ನೀರಿನ ಕ್ಯಾನುಗಳ ಪಕ್ಕ ಕೂತಳು.

ಕೋಚ್ ನನ್ನ ಹತ್ತಿರ ಬಂದಳು. ತಾನು ಅಧಿಕಪ್ರಸಂಗ ಮಾಡುತ್ತಿದ್ದರೆ ಕ್ಷಮಿಸಬೇಕು ಅಂತ ಶುರು ಮಾಡಿ, ಮನೆಯಲ್ಲಿ ಯಾರಾದರೂ ಬೇರೆ ಆಟ ಆಡುವವರಿದ್ದಾರಾ ಅಂತ ಕೇಳಿದಳು. ಮಂಗಳವಾರ ಈ ಮಗುವಿನ ಕೈ ಸರಿಯಾಗಿ ಕೂತಿತ್ತಂತೆ, ಬುಧವಾರ ಬೆಳಿಗ್ಗೆ ನೋಡಿದರೆ ತಿರುಗುಮುರುಗು ಆಗಿತ್ತಂತೆ.

ಕಾರ್ಖಾನೆಯಲ್ಲಿ ಇಂಥದ್ದನ್ನು ನಾನು ಎಷ್ಟು ಸಲ ಹಿಡಿದಿಲ್ಲ! ಹಗಲು ಶಿಫ್ಟು ಸರಿ ಮಾಡಿದ್ದನ್ನು ಇನ್ನೊಂದು ಶಿಫ್ಟು ಕೆಡಿಸುವುದು. ಆದರೆ ಕೆಡಿಸುವ ಶಿಫ್ಟು ನಾನೇ ಅಂತ ಒಪ್ಪಿಕೊಳ್ಳುವುದು ಅಷ್ಟು ಸುಲಭವೇ? ನಾನು ಎದ್ದು ನಿಂತು, ಕ್ರಿಕೆಟ್ ಅಂತೊಂದು ಆಟವಿದೆ, ನೂರಾರು ವರ್ಷದಿಂದ ಕೋಟ್ಯಂತರ ಜನ ಹೀಗೇ ಹಿಡಿಯುತ್ತಾರೆ ಅಂತ ಭಾಷಣ ಬಿಗಿದೆ. ಬಿಗಿದದ್ದು ಸಾಲದು ಅಂತ ಅಲ್ಲೇ ಬಿದ್ದಿದ್ದ ದೊಡ್ಡವರ ಕೋಲೊಂದನ್ನು ಎತ್ತಿಕೊಂಡೆ. ಕೋಚ್ ಒಂದು ಚೆಂಡು ಎಸೆದಳು. ಎಡಗಾಲು ಮುಂದಿಟ್ಟು ಹೊಡೆದೆ. ಚೆಂಡು ಮೈದಾನದ ಆ ತುದಿಯ ತಂತಿಬೇಲಿಗೆ ಹೋಗಿ ಬಡಿಯಿತು. ಮಕ್ಕಳು ಆಟ ನಿಲ್ಲಿಸಿ 'ವಾವ್' ಅಂದರು. ನಲವತ್ತೈದರ ವಯಸ್ಸಿನಲ್ಲಿ ಮನುಷ್ಯನಿಗೆ ಇನ್ನೇನು ಬೇಕು?

ಕೋಚ್ ಚಪ್ಪಾಳೆ ತಟ್ಟಿದಳು. ಬಹಳ ಚೆಂದ ಹೊಡೆದಿರಿ, ಈಗ ಇನ್ನೊಂದು ಚೆಂಡನ್ನು ನೆಲದಿಂದ ಓಡುತ್ತಾ ಎತ್ತಿಕೊಂಡು ಹೊಡೆಯಿರಿ, ನಾನು ಅಡ್ಡ ಬರುತ್ತೇನೆ ಅಂದಳು.

ಓಡಿದೆ. ಕೋಲಿನ ತುದಿ ಚೆಂಡಿನ ಕೆಳಗೆ ತೂರಿಸಿದೆ. ಚೆಂಡು ಎದ್ದಿತು. ಹಿಡಿಯಲು ಒಂದು ಕೈ ಬಿಡಬೇಕು. ಕೆಳಗಿದ್ದ ಬಲಗೈ ಬಿಟ್ಟೆ. ಕೋಲಿನ ಭಾರವೆಲ್ಲ ಕೈಲಾಗದ ಎಡಗೈಗೆ ಬಿತ್ತು, ಕೋಲು ತಿರುಗಿ ನನ್ನದೇ ಎರಡು ಕಾಲುಗಳ ನಡುವೆ ಬಂತು. ಕೋಚ್ ನನ್ನ ಹತ್ತಿರ ಬರುವುದೇ ಬೇಕಾಗಲಿಲ್ಲ. ನಾನು ಉದ್ದಕ್ಕೆ ಹುಲ್ಲಿನ ಮೇಲೆ ಮಲಗಿದೆ, ಕನ್ನಡಕ ಒಂದು ಕಡೆ, ಕ್ಯಾಪು ಒಂದು ಕಡೆ.

ಮೊದಲು ಯಾರೂ ನಗಲಿಲ್ಲ. ಆಮೇಲೆ ಒಂದು ನಗು ಕೇಳಿಸಿತು. ನೀರಿನ ಕ್ಯಾನುಗಳ ಕಡೆಯಿಂದ. ಹೊಟ್ಟೆನೋವಿನ ಹುಡುಗಿ ಬೆಂಚಿನ ಮೇಲೆ ಬಾಗಿ ಬಾಗಿ ನಗುತ್ತಿದ್ದಳು. ಅವಳನ್ನು ನೋಡಿ ಉಳಿದ ಮಕ್ಕಳು ನಕ್ಕರು, ಕೊನೆಗೆ ಕೋಚ್ ಕೂಡ. ಈ ನೆಲದಲ್ಲೆಲ್ಲೋ ಗುಂಡಿ ಇದೆ ಅಂತ ನಾನಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನುವ ಗಾದೆ ಅಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೇ, ಪುಣ್ಯ.

ಕೋಚ್ ನನ್ನನ್ನು ಎಬ್ಬಿಸಿ ನನ್ನ ಕೈಗಳನ್ನು ಅದಲುಬದಲು ಮಾಡಿದಳು. ಬಲಗೈ ಮೇಲೆ. ಎಡಗೈ ಕೆಳಗೆ. ಈಗ ಎಡಗೈ ಬಿಟ್ಟು ನೋಡಿ ಅಂದಳು. ಬಿಟ್ಟೆ. ಕೋಲು ಬಲಗೈಯಲ್ಲಿ ಗಟ್ಟಿಯಾಗಿ ನಿಂತಿತ್ತು, ಎಡಗೈ ಚೆಂಡು ಹಿಡಿಯಲು ಬಿಡುವಾಗಿತ್ತು. ಅಷ್ಟೇ ವಿಷಯ. ಒಂದು ನಿಮಿಷದ ವಿಷಯ. ಅದಕ್ಕೆ ನಾನು ನನ್ನ ಮಗುವಿನ ಎರಡು ದಿನ ಹಾಳು ಮಾಡಿದ್ದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಹುಲ್ಲಿನ ಮೇಲೆ ಬಿದ್ದಾಗ ಆಗದ ಅವಮಾನ ಆಗ ಆಯಿತು.

ಮಗಳು ಅಂದು ಊಟವಾದ ಮೇಲೆ ಹೆಲ್ಮೆಟ್ ಹಾಕಿಕೊಂಡು ತಾನಾಗಿ ಒಳಗೆ ಹೋದಳು. ಹೊಟ್ಟೆಯ ವಿಚಾರ ನಾನು ಕೇಳಲಿಲ್ಲ.

ಮನೆಗೆ ಹೋಗುವಾಗ ಫ್ರೀವೇ ಎಂದಿನಂತೆ ನಿಂತಿತ್ತು. ಮುಂದಿನ ಲಾರಿಯ ಬೆನ್ನು ನೋಡುತ್ತಾ ಹೇಳಿದೆ, "ತಪ್ಪು ನಂದು ಅವ್ವೀ. ಕೋಚ್ ಹೇಳಿದ್ದ ಖರೇ. ನಿನಗ ಆಟ ಬರಂಗಿಲ್ಲ ಅಂತಲ್ಲ, ನಾ ಕೆಡಿಸಿದ್ದು."

"ಐ ನೋ," ಅಂದಳು.

"ಇವತ್ತು ಗೊತ್ತಾತೇನ?"

"ನೋ. ಟ್ಯೂಸ್‌ಡೇ."

ಮಂಗಳವಾರವೇ ಗೊತ್ತಿತ್ತಂತೆ. ಮತ್ತೆ ಯಾಕೆ ಹೇಳಲಿಲ್ಲ, ಯಾಕೆ ಎರಡು ಸಂಜೆ ನಾನು ಹೇಳಿದ ಹಾಗೆ ಆಡಿದೆ ಅಂತ ಕೇಳಿದೆ.  "ಯು ಲುಕ್ಡ್ ಸೋ ಹ್ಯಾಪಿ, ಅಪ್ಪಾ."

ಲಾರಿ ಮುಂದೆ ಸರಿದದ್ದು ನನಗೆ ಕಾಣಲಿಲ್ಲ, ಹಿಂದಿನವರು ಹಾರ್ನ್ ಹೊಡೆದರು. ನನ್ನ ಕಣ್ಣು ತುಂಬಿತ್ತು. ನನ್ನ ಖುಷಿಗೋಸ್ಕರ ಅವಳು ಕೋಲನ್ನು ಬೇಕೆಂದೇ ತಪ್ಪಾಗಿ ಹಿಡಿದಿದ್ದಳು. ಈಜು, ವಯೊಲಿನ್, ಭರತನಾಟ್ಯ, ಇವೆಲ್ಲವನ್ನೂ ಅವಳು ಯಾರ ಖುಷಿಗೆ ಅಷ್ಟು ದಿನ ಎಳೆದಿದ್ದಳು? ಒಲ್ಲೆ ಅನ್ನಲು ಬಾರದ ಮಗುವಿನ ಹೊಟ್ಟೆ ನೋಯದೆ ಇನ್ನೇನು ಮಾಡೀತು? ಅಷ್ಟು ವರ್ಷದಲ್ಲಿ ನನಗೆ ಹೊಳೆಯದ್ದು ಆ ಟ್ರಾಫಿಕ್ಕಿನಲ್ಲಿ ಹೊಳೆಯಿತು.

"ಇನ್ನ ನಾ ಏನೂ ಕಲಿಸಂಗಿಲ್ಲ," ಅಂದೆ.

ಅವಳು ಮಾತು ಗಟ್ಟಿ ಮಾಡಿಕೊಂಡಳು. ಶನಿವಾರ ಸ್ಯಾನ್ ಡಿಯಾಗೋದಲ್ಲಿ ಮ್ಯಾಚ್ ಇದೆ, ಅಲ್ಲಿ ನೋ ಕೋಚಿಂಗ್. ಬಾಯಲ್ಲೂ ಇಲ್ಲ, ಕೈಸನ್ನೆಯಲ್ಲೂ ಇಲ್ಲ. ಹುಬ್ಬು ಹಾರಿಸುವುದೂ ಇಲ್ಲ ಅಂತ ಸೇರಿಸಿದಳು. ನಾನು ಹುಬ್ಬು ಹಾರಿಸುತ್ತೇನೆ ಅಂತ ನನಗೇ ಗೊತ್ತಿರಲಿಲ್ಲ. ಒಪ್ಪಿಕೊಂಡೆ. ಅವಳು ನನಗೆ ಒಲ್ಲೆ ಅಂದದ್ದು ಅದೇ ಮೊದಲು, ನನಗೆ ಬೇಜಾರಿಗಿಂತ ಸಮಾಧಾನವೇ ಹೆಚ್ಚಾಯಿತು.

ಶುಕ್ರವಾರ ಕ್ಯಾಂಪ್ ಮುಗಿಯಿತು. ಕೊನೆಯಲ್ಲಿ ನಮ್ಮ ಟೂಲ್‌ರೂಮಿನ ಹಿರಿಯರು ಬಂದು ಮಕ್ಕಳಿಗೆಲ್ಲ ಹೇಳಿದರು: ಕ್ಯಾಂಪ್ ಮುಗಿದರೂ ಕ್ಲಬ್ ಇಲ್ಲೇ ಇರುತ್ತದೆ, ಪ್ರತಿ ಮಂಗಳವಾರ ಸಂಜೆ ಪ್ರ್ಯಾಕ್ಟೀಸ್, ಮನಸ್ಸಿದ್ದವರು ಬನ್ನಿ. ಕೆಲವು ಮಕ್ಕಳು ಕೂಡಲೇ ಕೈ ಎತ್ತಿದರು. ನನ್ನ ಮಗಳು ಎತ್ತಲಿಲ್ಲ. ಶೂ ಲೇಸು ಕಟ್ಟುತ್ತಿದ್ದಳು. ನಾನು ಕೇಳಬೇಕೆಂದು ಬಾಯಿಯವರೆಗೆ ಬಂದ ಮಾತು ನುಂಗಿದೆ. ಮನೆಯಲ್ಲಿ ಹೆಂಡತಿಯೂ ಕಣ್ಣಲ್ಲೇ ಕೇಳಿದಳು, ನಾನು ಭುಜ ಕುಣಿಸಿದೆ.

ಶನಿವಾರ ಹೆಂಡತಿಗೆ ರಜೆ. ಬೆಳಿಗ್ಗೆ ಐದಕ್ಕೇ ಎದ್ದು ಎಲ್ಲರಿಗೂ ಆಗುವಷ್ಟು ಗಿರ್ಮಿಟ್ ಮಾಡಲು ಹೊರಟಳು. ಕ್ಯಾಂಪಿನ ಫಾರಂನಲ್ಲಿ ಶೇಂಗಾ ತರಕೂಡದು ಅಂತ ಕಟ್ಟುನಿಟ್ಟಾಗಿ ಬರೆದಿತ್ತು, ಯಾವುದೋ ಮಗುವಿಗೆ ಅಲರ್ಜಿ. ಶೇಂಗಾ ಇಲ್ಲದ ಗಿರ್ಮಿಟ್ ನಮ್ಮ ವಂಶದಲ್ಲಿ ಯಾರೂ ಮಾಡಿರಲಿಲ್ಲ. ಚುರುಮುರಿಗೆ ಪುಟಾಣಿ ಪುಡಿ ಎರಡರಷ್ಟು ಹಾಕಿ, ಹುಳಿ ಸ್ವಲ್ಪ ಮುಂದೆ ಮಾಡಿ, ಹಸಿಮೆಣಸಿನಕಾಯಿಯನ್ನು ಐರಿಷ್ ನಾಲಿಗೆಯ ಮೇಲೆ ಕರುಣೆ ತೋರಿ ಕಡಿಮೆ ಮಾಡಿ, ರುಚಿ ನೋಡಿ, "ಆಗ್ತೈತಿ ಬಿಡ್ರಿ" ಅಂದಳು. ಮಧ್ಯಾಹ್ನದ ಹೊತ್ತಿಗೆ ಆ ಪಾತ್ರೆಯ ತಳ ಕೆರೆದವಳು ಮೂಗಿಗೆ ಸನ್‌ಸ್ಕ್ರೀನ್ ಬಳಿದಿದ್ದ ಕೋಚ್.

ಸ್ಯಾನ್ ಡಿಯಾಗೋದಲ್ಲಿ ಸಮುದ್ರದ ಮಂಜು ಇನ್ನೂ ಚದುರಿರಲಿಲ್ಲ, ಗೋಲುಕಂಬಗಳ ಮೇಲ್ತುದಿ ಕಾಣುತ್ತಿರಲಿಲ್ಲ. ಅಲ್ಲಿನ ಕ್ಲಬ್ಬಿನಲ್ಲೂ ಅದೇ ವಾರ ಕ್ಯಾಂಪ್ ನಡೆದಿತ್ತು, ಎರಡೂ ಕಡೆಯ ಮಕ್ಕಳನ್ನು ಸೇರಿಸಿ ಆಡಿಸುವ ಪದ್ಧತಿಯಂತೆ. ಗೆದ್ದವರು ಸೋತವರು ಅಂತ ಬರೆದಿಡುವುದಿಲ್ಲ, ಆದರೂ ಪ್ರತಿಯೊಂದು ಮಗುವಿಗೂ ಲೆಕ್ಕ ಗೊತ್ತಿರುತ್ತದೆ. ನಾನು ಗೆರೆಯಿಂದ ಹತ್ತು ಹೆಜ್ಜೆ ಹಿಂದೆ, ಎರಡೂ ಕೈ ಜೇಬಿನಲ್ಲಿಟ್ಟುಕೊಂಡು, ಹುಬ್ಬು ಬಿಗಿಹಿಡಿದು ನಿಂತೆ. ಸುತ್ತ ಅಪ್ಪ ಅಮ್ಮಂದಿರೆಲ್ಲ ಗಂಟಲು ಹರಿಯುವಂತೆ ಕೂಗುತ್ತಿದ್ದರು. ನನ್ನ ಹೆಂಡತಿ ಕೂಡ ಯಾವ ಮಗುವಿನ ಹತ್ತಿರ ಚೆಂಡು ಹೋದರೂ "ಹೊಡಿ! ಹೊಡಿ!" ಅನ್ನುತ್ತಿದ್ದಳು, ಎದುರು ಪಾರ್ಟಿಯ ಮಕ್ಕಳಿಗೂ.

ಎರಡನೇ ಅರ್ಧದಲ್ಲಿ ಚೆಂಡು ಗುಂಪಿನಿಂದ ಉರುಳಿ ಬಂದು ಮಗಳ ಮುಂದೆ ನಿಂತಿತು. ಅವಳಿಗಿಂತ ಒಂದು ಗೇಣು ಎತ್ತರದ ಹುಡುಗಿಯೊಬ್ಬಳು ಎದುರಿನಿಂದ ಓಡಿ ಬರುತ್ತಿದ್ದಳು. ಮಗಳು ಹಿಂದೆ ಸರಿಯಲಿಲ್ಲ. ಓಡುತ್ತಲೇ ಬಗ್ಗಿದಳು, ಬಲಗೈಯಲ್ಲಿ ಕೋಲು, ಚೆಂಡು ಎದ್ದಿತು, ಎಡಗೈ ಹೋಗಿ ಹಿಡಿಯಿತು. ಮೂರು ಹೆಜ್ಜೆ. ಚೆಂಡು ಹಾರಿಸಿದಳು, ಎಡಗೈ ತಿರುಗಿ ಕೋಲು ಸೇರಿತು, ಹೊಡೆದಳು. ಟಪ್ ಅಂತ ಎಂಥ ಸದ್ದು! ಚೆಂಡು ಮೇಲಕ್ಕೆ ಹೋಗಿ, ಕಂಬದ ಹೊರಗೆ ಒಂದು ಮೊಳ ದೂರದಲ್ಲಿ ದಾಟಿ ಹೋಯಿತು. ಪಾಯಿಂಟ್ ಇಲ್ಲ. ಆದರೂ ನಮ್ಮ ಕಡೆಯವರೆಲ್ಲ ಹುಚ್ಚೆದ್ದು ಕೂಗಿದರು. ನನ್ನ ಎದೆಯೊಳಗಿಂದಲೂ ಒಂದು ಕೂಗು ಎದ್ದು ಗಂಟಲಿಗೆ ಬಂತು. ತುಟಿ ಕಚ್ಚಿಕೊಂಡೆ. ಮಾತು ಕೊಟ್ಟಿದ್ದೆ. ಮಗಳು ಹೆಲ್ಮೆಟ್ಟಿನ ಸರಳುಗಳ ನಡುವಿನಿಂದ ನನ್ನ ಕಡೆ ನೋಡಿದಳು. ನಾನು ಕಂಬದ ಹಾಗೆ ನಿಂತಿದ್ದೆ.

ಆಟ ಮುಗಿದು, ಎಲ್ಲರೂ ಕೈ ಕುಲುಕಿ, ತಿಂದು, ಫೋಟೋ ತೆಗೆಸಿಕೊಂಡು ಪಾರ್ಕಿಂಗ್ ಲಾಟಿಗೆ ಬಂದೆವು. ಮಂಜು ಕರಗಿ ಬಿಸಿಲು ಬಂದಿತ್ತು. ಮಗಳ ಮುಖ ಸಣ್ಣದಾಗಿತ್ತು. ಮುಗಿಯಿತು, ಇದೂ ಮುಗಿಯಿತು ಅಂದುಕೊಂಡೆ. ಒಂದು ಮೊಳದಲ್ಲಿ ತಪ್ಪಿದ್ದು ಅವಳ ಮನಸ್ಸಿನಲ್ಲಿ ಕೂತಿರಬೇಕು. ಡಿಕ್ಕಿ ತೆಗೆದು ಅವಳ ಬ್ಯಾಗು ಇಟ್ಟೆ.

"ಅಪ್ಪಾ, ವೈ ಡಿಡಂಟ್ ಯು ಯೆಲ್?"

ನನಗೆ ಅರ್ಥವಾಗಲಿಲ್ಲ. "ನೀನ ಹೇಳಿದ್ದಿ ಅಲ್ಲಾ, ಏನೂ ಅನಬ್ಯಾಡ ಅಂತ?"

"ದಟ್ ವಾಸ್ ಕೋಚಿಂಗ್! ಯೆಲ್ಲಿಂಗ್ ಕೋಚಿಂಗ್ ಅಲ್ಲ!" ಸಿಟ್ಟಿನಲ್ಲಿ ಅವಳಿಗೆ ಅರ್ಧ ಕನ್ನಡ ಬಂದಿತ್ತು, ಕಣ್ಣಲ್ಲಿ ನೀರೂ ಬಂದಿತ್ತು. ಎಲ್ಲರ ಅಪ್ಪಂದಿರೂ ಕೂಗಿದರು, ನೀನೊಬ್ಬನೇ ಕೂಗಲಿಲ್ಲ ಅಂದಳು.

"ಆದ್ರ ಅದು ಹೊರಗ ಹೋತಲ್ಲ ಅವ್ವೀ..."

"ಸೋ? ಐ ಹಿಟ್ ಇಟ್!"

ನಾನು ಡಿಕ್ಕಿಯ ಬಾಗಿಲು ಬಿಟ್ಟೆ. ಅಲ್ಲೇ, ಕಾರುಗಳ ನಡುವೆ ನಿಂತು, ಮೂರು ದಿನದಿಂದ ಕಟ್ಟಿಟ್ಟಿದ್ದನ್ನೆಲ್ಲ ಸೇರಿಸಿ ಕೂಗಿದೆ. "ಹೊಡದ್ಲೋ ನಮ್ಮವ್ವ! ಭಲೇ! ಹೊಡದ್ಲೋ!" ಸ್ಯಾನ್ ಡಿಯಾಗೋದ ಆ ಪಾರ್ಕಿಂಗ್ ಲಾಟಿನಲ್ಲಿ ಕಾರು ಹತ್ತುತ್ತಿದ್ದವರೆಲ್ಲ ತಿರುಗಿ ನೋಡಿದರು. ಟೂಲ್‌ರೂಮಿನ ಹಿರಿಯರು ಏನಾಯಿತೋ ಅಂತ ತಮ್ಮ ಕಾರಿನಿಂದ ಅರ್ಧ ಇಳಿದರು. ಇನ್ನೊಂದು ಸಲ ಕೂಗಿದೆ.

ಮಗಳು ಎರಡೂ ಕಿವಿ ಮುಚ್ಚಿಕೊಂಡು ನಗುತ್ತಿದ್ದಳು. ಆಮೇಲೆ ಕಣ್ಣೊರೆಸಿಕೊಂಡು ಹಿಂದಿನ ಸೀಟು ಹತ್ತಿ ಬೆಲ್ಟ್ ಹಾಕಿಕೊಂಡಳು. "ಓಕೆ. ಡು ಇಟ್ ಆನ್ ಟ್ಯೂಸ್‌ಡೇ ಟೂ," ಅಂದಳು.

ನಾನು ಹೆಂಡತಿಯ ಮುಖ ನೋಡಿದೆ. ಅವಳು ಆಗಲೇ ಫೋನ್ ತೆಗೆದು ಕ್ಯಾಲೆಂಡರಿನಲ್ಲಿ ಮಂಗಳವಾರದ ಸಂಜೆಗಳನ್ನೆಲ್ಲ ಖಾಲಿ ಮಾಡುತ್ತಿದ್ದಳು.